ಹಾಡು ಹುಟ್ಟಿದ ಮನೆ

ದೂರದೇಶಕ್ಕೆ ಹೋಗಿಬಂದವರು ಅಲ್ಲಿಯ ಅರಮನೆಗಳನ್ನೋ ಜಲಪಾತಗಳನ್ನೋ ವರ್ಣಿಸುವುದು ವಾಡಿಕೆ. ನಯಾಗರವನ್ನು ನಾವೂ ನೋಡಿದೆವು. ಅದರ ಭವ್ಯತೆಯನ್ನು ನಮಗಿಂತ ಬಲ್ಲವರು ಬಣ್ಣಿಸಿದ್ದಾರೆ. ಆದರೆ ಅಮೆರಿಕದಿಂದ ಹಿಂದಿರುಗಿದ ಮೇಲೆ ನಮ್ಮ ಮನಸ್ಸಿನಲ್ಲಿ ಮತ್ತೆ ಮತ್ತೆ ಸುಳಿಯುತ್ತಿರುವುದು ಆ ಜಲಪಾತವಲ್ಲ. ಡೆಟ್ರಾಯ್ಟ್ ನಗರದ ಒಂದು ಬೀದಿಯಲ್ಲಿ, ನೆರೆಯ ಮನೆಗಳಿಗಿಂತ ಯಾವ ಬಗೆಯಿಂದಲೂ ಹೆಚ್ಚಿನದಲ್ಲದ, ಎರಡಂತಸ್ತಿನ ಒಂದು ಸಣ್ಣ ಮನೆ. ಆ ಮನೆಯ ಕಥೆಯನ್ನೂ, ಅಲ್ಲಿ ಹುಟ್ಟಿದ ಒಂದು ಗ್ರಾಮಫೋನು ತಟ್ಟೆಯ ಕಥೆಯನ್ನೂ ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಡೆಟ್ರಾಯ್ಟ್ ನಗರವು ಅಮೆರಿಕ ಸಂಯುಕ್ತ ಸಂಸ್ಥಾನಗಳ ಉತ್ತರದ ಅಂಚಿನಲ್ಲಿ, ತನ್ನ ಹೆಸರನ್ನೇ ಹೊತ್ತ ನದಿಯ ದಡದಲ್ಲಿದೆ. ಆಚೆಯ ದಡದಲ್ಲಿ ಕಾಣುವುದು ಕೆನಡಾ ದೇಶದ ವಿಂಡ್ಸರ್ ಪಟ್ಟಣ. ಕೆನಡಾ ದೇಶವು ಅಮೆರಿಕದ ಉತ್ತರಕ್ಕಿದೆಯೆಂದು ಬಾಲ್ಯದಲ್ಲಿ ಓದಿದ್ದ ನಮಗೆ, ಇಲ್ಲಿ ದಕ್ಷಿಣದ ಕಡೆಗೆ ಮುಖಮಾಡಿ ನಿಂತರೆ ಅದು ಕಾಣುವುದೆಂಬುದೊಂದು ವಿನೋದವಾಯಿತು. ೧೭೦೧ರಲ್ಲಿ ಫ್ರೆಂಚರು ಇಲ್ಲಿ ಕೋಟೆ ಕಟ್ಟಿದರು. ಊರಿನ ಹೆಸರೂ ಅವರ ಭಾಷೆಯದೇ, ಇಕ್ಕಟ್ಟಾದ ಜಲಮಾರ್ಗವೆಂದು ಅದರ ಅರ್ಥ. ಆದರೆ ಊರಿಗೆ ಜಗತ್ಪ್ರಸಿದ್ಧಿಯನ್ನು ತಂದದ್ದು ಮೋಟಾರು ಗಾಡಿ. ಹೆನ್ರಿ ಫೋರ್ಡರು ೧೯೧೩ರಲ್ಲಿ ಹೈಲೆಂಡ್ ಪಾರ್ಕಿನ ತಮ್ಮ ಕಾರ್ಖಾನೆಯಲ್ಲಿ ಗಾಡಿಯು ಸಾಲಾಗಿ ಮುಂದೆ ಮುಂದೆ ಸರಿಯುತ್ತಿರಲು, ಒಬ್ಬೊಬ್ಬ ಕೆಲಸಗಾರನು ಒಂದೊಂದು ಭಾಗವನ್ನು ಜೋಡಿಸುತ್ತ ಹೋಗುವ ಕ್ರಮವನ್ನು ಆರಂಭಿಸಿದರು. ಮರುವರ್ಷ ದಿನಕ್ಕೆ ಐದು ಡಾಲರುಗಳ ಗಳಿಕೆಯನ್ನು ಸಾರಿದರು. ದಕ್ಷಿಣದ ಹತ್ತಿಯ ಹೊಲಗಳಲ್ಲಿ ದುಡಿದು ಬಸವಳಿದಿದ್ದ ಆಫ್ರಿಕಾ ಮೂಲದ ಜನರು ಮುಂದಿನ ದಶಕಗಳಲ್ಲಿ ಸಂಸಾರಸಮೇತರಾಗಿ ಈ ಊರಿಗೆ ಬಂದು ಸೇರಿದರು. ಅವರ ಗಂಟುಮೂಟೆಗಳೊಡನೆ ಅವರ ಚರ್ಚುಗಳ ಹಾಡುಗಾರಿಕೆಯೂ ಬಂತು. ೧೯೫೦ರಲ್ಲಿ ಹದಿನೆಂಟೂವರೆ ಲಕ್ಷ ಜನರಿದ್ದ ಊರಿನಲ್ಲಿ ೨೦೨೦ರ ಜನಗಣತಿಯ ವೇಳೆಗೆ ಉಳಿದವರು ಆರು ಲಕ್ಷ ನಲವತ್ತು ಸಾವಿರದಷ್ಟು ಮಾತ್ರ. ೨೦೧೩ರಲ್ಲಿ ನಗರಸಭೆಯೇ ದಿವಾಳಿಯ ಅರ್ಜಿ ಹಾಕಿತು. ಏರಿದುದು ಇಳಿಯುವುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಮೋಟಾರು ಕೆಲಸಕ್ಕಾಗಿ ಈ ಸೀಮೆಗೆ ಬಂದು ನೆಲಸಿದ ಕನ್ನಡಿಗರೂ ಹಲವರಿದ್ದಾರೆ. ಅವರು ಪಂಪ ಕವಿಯ ಹೆಸರಿನಲ್ಲಿ ಒಂದು ಕನ್ನಡ ಕೂಟವನ್ನು ನಡೆಸುತ್ತಿದ್ದಾರೆ. ಅಂಥ ಗೃಹಸ್ಥರೊಬ್ಬರ ಮನೆಯಲ್ಲಿ ನಾವು ಇಳಿದುಕೊಂಡಿದ್ದೆವು. ಹೊರಡುವ ದಿನ ಬೆಳಗ್ಗೆ ಕಾಫಿಯಾದ ಮೇಲೆ ಅವರು ಹಳೆಯ ತಟ್ಟೆಯೊಂದನ್ನು ರಟ್ಟಿನ ಚೀಲದಿಂದ ತೆಗೆದು ಯಂತ್ರದ ಮೇಲಿಟ್ಟು, "ಮೊದಲು ಇದನ್ನು ಕೇಳಿಬಿಡಿ, ಆಮೇಲೆ ಮನೆಯನ್ನು ನೋಡುವಿರಂತೆ" ಎಂದರು. ಅದು ಫೋರ್ ಟಾಪ್ಸ್ ಎಂಬ ನಾಲ್ವರು ಗಾಯಕರ 'ರೀಚ್ ಔಟ್' ಎಂಬ ತಟ್ಟೆ, ೧೯೬೭ರ ಜುಲೈ ತಿಂಗಳಲ್ಲಿ ಹೊರಬಂದದ್ದು, ಹನ್ನೆರಡು ಹಾಡುಗಳುಳ್ಳದ್ದು. ಆತಿಥೇಯರ ತಾಯಿಯವರು ಪೂಜೆ ಮುಗಿಸಿ ಬಂದು ನಮ್ಮೊಡನೆ ಕುಳಿತರು. ಮೊದಲ ಹಾಡು ಮುಗಿದೊಡನೆ, "ಇವನು ಹಾಡುತ್ತಾನೋ ಮೊರೆಯಿಡುತ್ತಾನೋ?" ಎಂದು ಕೇಳಿದರು. ಆ ಸಂಗೀತದ ಲಕ್ಷಣವನ್ನು ಅಷ್ಟು ಚಿಕ್ಕ ಮಾತಿನಲ್ಲಿ ನಾವಾದರೂ ಹೇಳಲಾರೆವು. ಚರ್ಚಿನಲ್ಲಿ ದೇವರಿಗಿಡುವ ಮೊರೆಯ ಧಾಟಿಯನ್ನು ಲೋಕದ ಪ್ರೇಮವಿರಹಗಳ ಮಾತಿಗೆ ಹೊಂದಿಸಿದಾಗ ಹುಟ್ಟಿದುದೇ ಅವರು 'ಸೋಲ್' ಎಂದು ಕರೆಯುವ ಆತ್ಮಸಂಗೀತ.

ಮನೆಯು ವೆಸ್ಟ್ ಗ್ರಾಂಡ್ ಬುಲೆವಾರ್ಡ್ ಎಂಬ ಅಗಲವಾದ ಬೀದಿಯಲ್ಲಿದೆ, ಸಂಖ್ಯೆ ೨೬೪೮. ಗೋಡೆಗೆ ಬಿಳಿಯ ಬಣ್ಣ, ಕಿಟಕಿಬಾಗಿಲುಗಳ ಅಂಚಿಗೆ ನೀಲಿ. ಮುಂದಿನ ದೊಡ್ಡ ಗಾಜಿನ ಕಿಟಕಿಯ ಮೇಲೆ 'ಹಿಟ್ಸ್‌ವಿಲ್ ಯು.ಎಸ್.ಎ.' ಎಂದು ನೀಲಿಯ ಅಕ್ಷರಗಳಲ್ಲಿ ಬರೆದಿದೆ. ಜಯಗೀತೆಗಳ ಊರೆಂದು ಅದರ ತಾತ್ಪರ್ಯ. ಈ ಹೆಸರನ್ನಿಟ್ಟಾಗ ಅಲ್ಲಿ ಜಯವೇನೂ ಇನ್ನೂ ಕೈಸೇರಿರಲಿಲ್ಲ, ಧೈರ್ಯವೊಂದೇ ಇದ್ದದ್ದು.

ಬೆರ್ರಿ ಗಾರ್ಡಿ ಎಂಬವರು ಇದರ ಸ್ಥಾಪಕರು. ಅವರು ಮುಷ್ಟಿಯುದ್ಧವನ್ನು ಆಡಿದರು, ಸೈನ್ಯದಲ್ಲಿದ್ದರು, ಜಾಸ್ ಸಂಗೀತದ ತಟ್ಟೆಗಳ ಅಂಗಡಿಯಿಟ್ಟು ನಷ್ಟಹೊಂದಿದರು. ಕೊನೆಗೆ ಮೋಟಾರು ಕಾರ್ಖಾನೆಯ ಜೋಡಣೆಯ ಸಾಲಿನಲ್ಲಿ ಕೆಲಸಕ್ಕೆ ನಿಂತರು. ಕೈ ಕೆಲಸ ಮಾಡುತ್ತಿರುವಾಗ ತಲೆಯಲ್ಲಿ ಹಾಡು ಕಟ್ಟುತ್ತಿದ್ದರಂತೆ. ಗಾರ್ಡಿಯವರ ಮನೆತನದವರೆಲ್ಲ ಸೇರಿ ಒಂದು ಕುಟುಂಬನಿಧಿಯನ್ನು ಇಟ್ಟುಕೊಂಡಿದ್ದರು. ನಮ್ಮಲ್ಲಿ ಬಂಧುಗಳು ಸೇರಿ ಚೀಟಿ ನಡೆಸುವಂತೆಯೇ ಎನ್ನಬಹುದು. ಆ ನಿಧಿಯಿಂದ ೧೯೫೯ರ ಜನವರಿಯಲ್ಲಿ ಎಂಟುನೂರು ಡಾಲರುಗಳನ್ನು ಸಾಲವಾಗಿ ಪಡೆದು ಅವರು ತಮ್ಮ ಉದ್ಯಮವನ್ನು ತೊಡಗಿದರು. ಅದೇ ವರ್ಷ, ಹಿಂದೆ ಛಾಯಾಚಿತ್ರಗಾರನೊಬ್ಬನ ಕೆಲಸದ ಸ್ಥಳವಾಗಿದ್ದ ಈ ಮನೆಯನ್ನು ಕೊಂಡು, ಮಹಡಿಯಲ್ಲಿ ಸಂಸಾರವನ್ನೂ ಕೆಳಗೆ ಕಚೇರಿಯನ್ನೂ ಹೂಡಿದರು. ಮೋಟಾರು ಪಟ್ಟಣವೆಂಬ ಊರಿನ ಅಡ್ಡಹೆಸರನ್ನು ಕುಗ್ಗಿಸಿ 'ಮೋಟೌನ್' ಎಂದು ಕರೆದರು. ಕಾರ್ಖಾನೆಯಲ್ಲಿ ಬರಿಯ ಕಬ್ಬಿಣದ ಚೌಕಟ್ಟು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೊಸ ಗಾಡಿಯಾಗಿ ಹೊರಬೀಳುವಂತೆ, ಬೀದಿಯ ಹುಡುಗನೊಬ್ಬನು ಒಂದು ಬಾಗಿಲಿನಿಂದ ಬಂದು ಇನ್ನೊಂದು ಬಾಗಿಲಿನಿಂದ ಗಾಯಕನಾಗಿ ಹೊರಡಬೇಕೆಂಬುದು ಅವರ ಸಂಕಲ್ಪ. ಆದುದರಿಂದಲೇ ವಾರಕ್ಕೊಮ್ಮೆ ಸಭೆ ಸೇರಿ, ಮುದ್ರಿಸಿದ ಹಾಡುಗಳನ್ನು ಕೇಳಿ, ಮತ ಹಾಕಿ, ಯೋಗ್ಯವಾದುದನ್ನು ಮಾತ್ರ ಹೊರಡಿಸುತ್ತಿದ್ದರು.

ಒಳಗೆ ಹೋದಾಗ ನಮಗೆ ಮೊದಲು ಆದದ್ದು ಆಶಾಭಂಗವೆಂದೇ ಹೇಳಬೇಕು. ಜಗತ್ತನ್ನೆಲ್ಲ ಕುಣಿಸಿದ ಸಂಗೀತವು ಇಷ್ಟು ಇಕ್ಕಟ್ಟಿನಲ್ಲಿ ಹುಟ್ಟಿತೆ? ಮನೆಯ ಹಿಂಭಾಗದಲ್ಲಿ ಕೆಲವು ಮೆಟ್ಟಿಲುಗಳನ್ನಿಳಿದರೆ ಮುದ್ರಣದ ಕೊಠಡಿ. ನಮ್ಮ ಕಡೆಯ ತೊಟ್ಟಿಯ ಮನೆಯ ಪಡಸಾಲೆಯೂ ಇದಕ್ಕಿಂತ ವಿಶಾಲವೆನ್ನಿಸುತ್ತದೆ. ಛಾವಣಿಯಿಂದ ತಂತಿಗಳು ಜೋಲುತ್ತಿದ್ದುದರಿಂದ ವಾದ್ಯಗಾರರು ಇದನ್ನು 'ಹಾವಿನ ಗುಂಡಿ'ಯೆಂದು ಕರೆಯುತ್ತಿದ್ದರು. ಹಗಲಿರುಳೆನ್ನದೆ ಇಲ್ಲಿ ಕೆಲಸ ನಡೆಯುತ್ತಿತ್ತು. ಯಂತ್ರವಿರುವ ಮಗ್ಗುಲ ಕೋಣೆಯಲ್ಲಿ ನೆಲದ ಹಾಸು ಒಂದೆಡೆ ಸವೆದುಹೋಗಿದೆ. ಅಲ್ಲಿ ಕುಳಿತವರು ವರ್ಷಗಟ್ಟಲೆ ಕಾಲಿನಿಂದ ತಾಳ ಹಾಕಿದ್ದರ ಗುರುತಂತೆ ಅದು. ದೇವಸ್ಥಾನದ ಹೊಸ್ತಿಲು ಭಕ್ತರ ಪಾದಗಳಿಂದ ಸವೆಯುವುದನ್ನು ಕಂಡ ನಮಗೆ ಅದನ್ನು ನೋಡಿ ಮೈ ಜುಮ್ಮೆಂದಿತು.

ಹಜಾರದಲ್ಲಿ ಮಿಠಾಯಿ ಮಾರುವ ಯಂತ್ರವೊಂದಿದೆ. ಬಾಲಕನಾಗಿದ್ದಾಗಲೇ ಇಲ್ಲಿಗೆ ಬಂದು ಸೇರಿದ, ಕಣ್ಣಿಲ್ಲದ ಸ್ಟೀವಿ ವಂಡರ್ ಅವರಿಗೆ ಸುಲಭವಾಗಿ ಸಿಗಲೆಂದು ಅವರಿಗೆ ಪ್ರಿಯವಾದ ಮಿಠಾಯಿಯನ್ನು ಯಾವಾಗಲೂ ಒಂದೇ ಸ್ಥಾನದಲ್ಲಿ ಇಡುತ್ತಿದ್ದರಂತೆ. ಇನ್ನೊಂದು ಕಡೆ ಛಾವಣಿಯಲ್ಲಿ ಒಂದು ರಂಧ್ರ. ಅದು ಮೇಲಿನ ಅಟ್ಟಕ್ಕೆ ತೆರೆದುಕೊಂಡಿದೆ. ಸ್ವರವು ಅಲ್ಲಿಗೇರಿ ಪ್ರತಿಧ್ವನಿಗೂಡಿ ಹಿಂದಿರುಗುತ್ತದೆ. ತೋರಿಸುವವಳು ನಮ್ಮನ್ನು ಅದರ ಕೆಳಗೆ ನಿಲ್ಲಿಸಿ ಚಪ್ಪಾಳೆ ತಟ್ಟಲು ಹೇಳಿದಳು. ಎಲ್ಲರೂ ಸಂಕೋಚದಿಂದ ತಟ್ಟಿದರು. ಆತಿಥೇಯರ ತಾಯಿಯವರು ಮಾತ್ರ ಸೆರಗನ್ನು ಸರಿಪಡಿಸಿಕೊಂಡು, ಷಡ್ಜ ಹಿಡಿದು, ಪಂಚಮಕ್ಕೇರಿ, ಮೇಲಿನ ಷಡ್ಜವನ್ನು ಮುಟ್ಟಿ ನಿಲ್ಲಿಸಿದರು. ಸ್ವರವು ಮೇಲೇರಿ, ಬೇರೆ ಯಾರೋ ದೊಡ್ಡವರು ಹಾಡಿದಂತೆ ಗಂಭೀರವಾಗಿ ಕೆಳಗಿಳಿಯಿತು. ತೋರಿಸುವವಳು ಕೈಮುಗಿದಳು. ಸಂಗೀತಕ್ಕೆ ಪರಿಚಯಪತ್ರದ ಅಗತ್ಯವಿಲ್ಲ.

ಇನ್ನು ಆ ನಾಲ್ವರ ವಿಷಯ. ಲೀವೈ ಸ್ಟಬ್ಸ್, ಅಬ್ದುಲ್ ಫಕೀರ್, ರೆನಾಲ್ಡೋ ಬೆನ್ಸನ್, ಲಾರೆನ್ಸ್ ಪೇಟನ್ ಎಂಬ ಇವರು ಡೆಟ್ರಾಯ್ಟಿನ ಹುಡುಗರು. ಶಾಲೆಯ ವಯಸ್ಸಿನಿಂದಲೂ ಪರಿಚಿತರು. ಇವರಲ್ಲಿ ಅಬ್ದುಲ್ ಫಕೀರರ ತಂದೆಯು ನಮ್ಮವರೇ ಎಂದರೆ ತಪ್ಪಲ್ಲ: ದೇಶವು ಒಂದಾಗಿದ್ದ ಕಾಲದಲ್ಲಿ ಪೂರ್ವ ಬಂಗಾಳದಿಂದ ಹೊರಟು ಡೆಟ್ರಾಯ್ಟಿಗೆ ಬಂದು ಕಾರ್ಖಾನೆಯಲ್ಲಿ ದುಡಿದವರು. ಈ ನಾಲ್ವರೂ ೧೯೫೦ರ ದಶಕದ ನಡುವಿನಿಂದ ಒಟ್ಟಾಗಿ ಹಾಡುತ್ತ, ಊರೂರು ತಿರುಗಿ, ಹಲವು ಸಂಸ್ಥೆಗಳಿಗೆ ತಟ್ಟೆ ಕೊಟ್ಟರೂ ಸುಮಾರು ಹತ್ತು ವರ್ಷ ಯಾವ ಹಾಡೂ ಹೆಸರು ಪಡೆಯಲಿಲ್ಲ. ೧೯೬೩ರಲ್ಲಿ ಈ ಮನೆಯನ್ನು ಹೊಕ್ಕರು. ಮರುವರ್ಷವೇ ಅದೃಷ್ಟ ತಿರುಗಿತು. ಅವರಿಗೆ ಹಾಡು ಕಟ್ಟಿಕೊಟ್ಟವರು ಬ್ರಯನ್ ಹಾಲೆಂಡ್, ಲಮಾಂಟ್ ಡೋಜಿಯರ್, ಎಡ್ಡಿ ಹಾಲೆಂಡ್ ಎಂಬ ಮೂವರು.

ಸ್ಟಬ್ಸರದು ಸಹಜವಾಗಿ ತಗ್ಗಿನ ಸ್ಥಾಯಿಗೆ ಒಗ್ಗಿದ, ತುಂಬಿದ ಗಂಡುಕಂಠ. ಆದರೆ ಈ ಮೂವರು ಬೇಕೆಂದೇ ಶ್ರುತಿಯನ್ನು ಏರಿಸಿ, ಕಂಠವು ತನ್ನ ಎಲ್ಲೆಯನ್ನು ಮುಟ್ಟಿ ತಿಣುಕುವಂತೆ ಹಾಡು ಕಟ್ಟುತ್ತಿದ್ದರು. ಆ ತಿಣುಕಿನಲ್ಲಿಯೇ ಆರ್ತತೆ. ಅಜ್ಜಿಯವರು ಮೊರೆಯೆಂದು ಗುರುತಿಸಿದ್ದು ಅದನ್ನೇ. 'ರೀಚ್ ಔಟ್, ಐಲ್ ಬಿ ದೇರ್' ಎಂಬ ಹಾಡಿನಲ್ಲಿ ಮೊದಲು ಕೊಳಲಿನ ಜಾತಿಯ ವಾದ್ಯವು ಕೂಗಿಕೊಳ್ಳುತ್ತದೆ. ಹಿಂದೆಯೇ ಕುದುರೆಯ ಗೊರಸಿನಂಥ ಸದ್ದು. ಗೆಜ್ಜೆಯಿಲ್ಲದ ಖಂಜರಿಯಂಥ ವಾದ್ಯವನ್ನು ನಗಾರಿಯ ಕೋಲಿನಿಂದ ಬಾರಿಸಿ ಅದನ್ನು ಹುಟ್ಟಿಸಿದರಂತೆ. ತಾವು ಏನೋ ಪ್ರಯೋಗ ಮಾಡುತ್ತಿದ್ದೇವೆಂದು ತಿಳಿದಿದ್ದ ಗಾಯಕರು, ಇದನ್ನು ಹೊರಡಿಸಬೇಡಿರೆಂದು ಗಾರ್ಡಿಯವರನ್ನು ಕೇಳಿಕೊಂಡರೆಂದು ಫಕೀರರೇ ಮುಂದೆ ಹೇಳಿದ್ದಾರೆ. ಗಾರ್ಡಿಯವರು ಒಪ್ಪಲಿಲ್ಲ. ೧೯೬೬ರ ಅಕ್ಟೋಬರಿನಲ್ಲಿ ಆ ಹಾಡು ಅಮೆರಿಕದಲ್ಲಿಯೂ, ಇಂಗ್ಲೆಂಡಿನಲ್ಲಿಯೂ ಮೊದಲನೆಯ ಸ್ಥಾನಕ್ಕೇರಿತು.

ತಟ್ಟೆಯ ಇತರ ಹಾಡುಗಳಲ್ಲಿ ಕೆಲವು ಅನ್ಯರು ಹಾಡಿ ಪ್ರಸಿದ್ಧಪಡಿಸಿದ್ದವು. ಅವುಗಳಲ್ಲಿ ಒಂದೆರಡು ಈ ಕಂಠಕ್ಕೆ ಹೊಂದದೆ ಸಪ್ಪೆಯಾಗಿವೆಯೆಂದು ಹೇಳದಿದ್ದರೆ ಸತ್ಯಕ್ಕೆ ಲೋಪ ಬಂದೀತು. ಆದರೆ 'ಬರ್ನಡೆಟ್' ಎಂಬ ಹಾಡು ಆ ಕೊರತೆಯನ್ನೆಲ್ಲ ತುಂಬುತ್ತದೆ. ಅದು ಮುಗಿಯುವ ಹೊತ್ತಿಗೆ ವಾದ್ಯಗಳೆಲ್ಲ ತಟ್ಟನೆ ನಿಲ್ಲುತ್ತವೆ. ಹಾಡು ಮುಗಿಯಿತೆಂದು ನಾವು ಉಸಿರು ಬಿಡುವಷ್ಟರಲ್ಲಿ ಸ್ಟಬ್ಸರು ಪ್ರಿಯೆಯ ಹೆಸರನ್ನು ಒಂಟಿಯಾಗಿ ಕೂಗುತ್ತಾರೆ. ಮತ್ತೆ ಎಲ್ಲವೂ ಎದ್ದು ಬರುತ್ತದೆ. ಆ ಒಂದು ಕೂಗಿಗಾಗಿ ನಾವು ತಟ್ಟೆಯನ್ನು ಮೂರು ಸಲ ಹಾಕಿಸಿ ಕೇಳಿದೆವು.

ಆದರೆ ಈ ಹಾಡುಗಳ ತಳಪಾಯವು ಯಾರದು? ಬಾಸ್ ಗಿಟಾರೆಂಬ ಮಂದ್ರವಾದ್ಯವನ್ನು ಬಲಗೈಯ ತೋರುಬೆರಳೊಂದರಿಂದಲೇ ಮೀಟುತ್ತಿದ್ದ ಜೇಮ್ಸ್ ಜೇಮರ್ಸನ್ ಎಂಬವರು. ನಗಾರಿಯ ಬೆನ್ನಿ ಬೆಂಜಮಿನ್, ರಿಚರ್ಡ್ ಆಲೆನ್, ಯೂರಿಯಲ್ ಜೋನ್ಸ್. ಪಿಯಾನೋದ ಅರ್ಲ್ ವಾನ್ ಡೈಕ್. ಗಿಟಾರಿನ ರಾಬರ್ಟ್ ವೈಟ್, ಎಡ್ಡಿ ವಿಲ್ಲಿಸ್, ಜೋ ಮೆಸ್ಸೀನ. ಖಂಜರಿಯ ಜ್ಯಾಕ್ ಆ್ಯಷ್‌ಫರ್ಡ್. ಇವರ ಬಳಗಕ್ಕೆ 'ಫಂಕ್ ಬ್ರದರ್ಸ್' ಎಂದು ಹೆಸರು. ವಾದ್ಯವನ್ನು ಮೊದಲು ಮುದ್ರಿಸಿ, ಕಂಠವನ್ನು ಆಮೇಲೆ ಸೇರಿಸುತ್ತಿದ್ದುದರಿಂದ, ತಾವು ನುಡಿಸಿದ್ದು ಯಾರ ಯಾವ ಹಾಡಿಗೆಂಬುದು ಎಷ್ಟೋ ಸಲ ಇವರಿಗೇ ತಿಳಿಯುತ್ತಿರಲಿಲ್ಲ. ನಾಲ್ವರ ಗಂಡುದನಿಯ ಹಿಂದೆ ಮೇಲುಸ್ಥಾಯಿಯಲ್ಲಿ ತೇಲುವ ಹೆಣ್ಣುದನಿಗಳೂ ಇವೆ: ಜ್ಯಾಕಿ ಹಿಕ್ಸ್, ಮಾರ್ಲಿನ್ ಬ್ಯಾರೋ, ಲೂವೇನ್ ಡೆಂಪ್ಸ್. 'ಆಂಡಾಂಟೀಸ್' ಎಂಬ ಈ ಮೂವರು ಹೆಂಗಸರು ಈ ಮನೆಯ ಅಸಂಖ್ಯ ಹಾಡುಗಳಲ್ಲಿ ಇದ್ದಾರೆ.

"ಇವರ ಹೆಸರುಗಳು ತಟ್ಟೆಯ ಚೀಲದ ಮೇಲೆ ಎಲ್ಲಿವೆ?" ಎಂದು ಅಜ್ಜಿಯವರು ಕೇಳಿದರು. ಎಲ್ಲಿಯೂ ಇಲ್ಲ. ಅಂದಿನ ಆ ಮನೆಯ ತಟ್ಟೆಗಳಲ್ಲಿ ವಾದ್ಯಗಾರರ ಹೆಸರನ್ನು ಅಚ್ಚುಹಾಕುವ ಪದ್ಧತಿಯಿರಲಿಲ್ಲ. ೧೯೭೧ರಲ್ಲಿ ಮಾರ್ವಿನ್ ಗೇ ಅವರು ಹೊರಡಿಸಿದ 'ವಾಟ್ಸ್ ಗೋಯಿಂಗ್ ಆನ್' ಎಂಬ ತಟ್ಟೆಯಲ್ಲಿ ಮೊದಲ ಬಾರಿಗೆ ಅವರ ಹೆಸರುಗಳು ಕಾಣಿಸಿಕೊಂಡವು. ಅಷ್ಟರೊಳಗೆ ಬೆಂಜಮಿನ್ನರು ತೀರಿಹೋಗಿದ್ದರು. ೧೯೭೨ರಲ್ಲಿ ಸಂಸ್ಥೆಯು ಲಾಸ್ ಏಂಜಲೀಸಿಗೆ ಹೊರಟುಹೋದಾಗ, ಇನ್ನು ಕೆಲಸವಿಲ್ಲವೆಂಬ ಸಂಗತಿಯನ್ನು ವಾದ್ಯಗಾರರು ಬಾಗಿಲಿಗೆ ಅಂಟಿಸಿದ ಚೀಟಿಯಿಂದ ತಿಳಿದುಕೊಂಡರೆಂದು ಹೇಳುತ್ತಾರೆ. ೧೯೮೩ರಲ್ಲಿ ಸಂಸ್ಥೆಯ ಇಪ್ಪತ್ತೈದನೆಯ ವರ್ಷದ ಉತ್ಸವ ನಡೆದಾಗ ಜೇಮರ್ಸನ್ನರು ತಾವೇ ಟಿಕೆಟ್ಟು ಕೊಂಡು ಪ್ರೇಕ್ಷಕರ ನಡುವೆ ಕುಳಿತಿದ್ದರಂತೆ. ಅದೇ ವರ್ಷ ಆಗಸ್ಟಿನಲ್ಲಿ, ನಲವತ್ತೇಳರ ವಯಸ್ಸಿನಲ್ಲಿ, ಅವರು ಕಾಲವಾದರು. ೨೦೦೨ರಲ್ಲಿ ಈ ವಾದ್ಯಗಾರರನ್ನು ಕುರಿತು ಒಂದು ಚಲನಚಿತ್ರ ಬಂತು. ೨೦೦೪ರಲ್ಲಿ ಗ್ರ್ಯಾಮಿ ಸಂಸ್ಥೆಯು ಜೀವಮಾನದ ಸಾಧನೆಗಾಗಿ ಅವರನ್ನು ಸನ್ಮಾನಿಸಿತು. ಹಣ್ಣು ಬಂದಾಗ ಹಲ್ಲು ಉದುರಿತ್ತೆಂಬ ಗಾದೆ ನೆನಪಾಗುತ್ತದೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಅಂದಿನ ಕಾಲದಲ್ಲಿ ಗುಂಪಿನ ಮುಖ್ಯ ಗಾಯಕರ ಹೆಸರನ್ನು ಬೇರೆಯಾಗಿ, ದೊಡ್ಡದಾಗಿ ಮುಂದಿಡುವುದು ರೂಢಿಗೆ ಬರುತ್ತಿತ್ತು. ಸ್ಟಬ್ಸರು ಅದಕ್ಕೆ ಸಮ್ಮತಿಸಲಿಲ್ಲ. ನಾಲ್ವರೂ ಒಂದೇ ಎಂದರು. ಸಂಸ್ಥೆಯು ಪಶ್ಚಿಮಕ್ಕೆ ಹೋದಾಗಲೂ ಈ ನಾಲ್ವರು ಅದರೊಡನೆ ಹೋಗದೆ ಡೆಟ್ರಾಯ್ಟಿನಲ್ಲಿಯೇ ಉಳಿದರು. ೧೯೯೭ರಲ್ಲಿ ಪೇಟನ್ನರು ತೀರಿಕೊಳ್ಳುವವರೆಗೆ, ನಲವತ್ತಕ್ಕೂ ಹೆಚ್ಚು ವರ್ಷ, ಅವರಲ್ಲಿ ಒಬ್ಬರೂ ಗುಂಪನ್ನು ಬಿಡಲಿಲ್ಲ. ಅಣ್ಣತಮ್ಮಂದಿರು ಒಂದು ಗೋಡೆಗಾಗಿ ನ್ಯಾಯಾಲಯದ ಮೆಟ್ಟಿಲೇರುವ ಲೋಕದಲ್ಲಿ ಇದು ಸಣ್ಣ ಮಾತೆ? ಬೆನ್ಸನ್ನರು ೨೦೦೫ರಲ್ಲಿಯೂ, ಸ್ಟಬ್ಸರು ೨೦೦೮ರಲ್ಲಿಯೂ, ಕೊನೆಯವರಾದ ಫಕೀರರು ೨೦೨೪ರ ಜುಲೈಯಲ್ಲಿಯೂ ತೀರಿಹೋದರು.

ಮನೆಯಿಂದ ಹೊರಬಂದು ಸ್ವಲ್ಪ ದೂರ ನಡೆದರೆ ಹಿಂದೆ ಹನ್ನೆರಡನೆಯ ಬೀದಿಯೆನ್ನಿಸಿಕೊಂಡಿದ್ದ ರಸ್ತೆ ಸಿಗುತ್ತದೆ. ಈಗ ಅದಕ್ಕೆ, ಬಸ್ಸಿನಲ್ಲಿ ಆಸನವನ್ನು ಬಿಟ್ಟುಕೊಡಲೊಲ್ಲದೆ ಕಪ್ಪು ಜನರ ಹಕ್ಕಿನ ಹೋರಾಟಕ್ಕೆ ಕಿಡಿಯಾದ ರೋಸಾ ಪಾರ್ಕ್ಸ್ ಅವರ ಹೆಸರನ್ನಿಟ್ಟಿದ್ದಾರೆ. ಈ ತಟ್ಟೆ ಹೊರಬಂದ ತಿಂಗಳಿನಲ್ಲಿಯೇ, ೧೯೬೭ರ ಜುಲೈ ೨೩ರ ನಸುಕಿನಲ್ಲಿ, ಆ ಬೀದಿಯಲ್ಲಿ ಪೊಲೀಸರು ಒಂದು ಮದ್ಯದ ಕೂಟದ ಮೇಲೆ ಬಿದ್ದು ಜನರನ್ನು ಹಿಡಿದರು. ಬಹುಕಾಲದ ಅನ್ಯಾಯದಿಂದ ಕುದಿಯುತ್ತಿದ್ದ ಬೀದಿಯು ಹೊತ್ತಿಕೊಂಡಿತು. ಸೈನ್ಯ ಬಂತು. ಐದು ದಿನಗಳಲ್ಲಿ ನಲವತ್ತಮೂರು ಜನ ಸತ್ತರು. ಏಳು ಸಾವಿರಕ್ಕೂ ಹೆಚ್ಚು ಜನರನ್ನು ಸೆರೆಹಿಡಿದರು. ಸಾಲುಸಾಲು ಅಂಗಡಿ ಮನೆಗಳು ಸುಟ್ಟುಹೋದವು. ಹಾಡಿನ ಮನೆಯು ಉಳಿಯಿತು. ಕಷ್ಟದಲ್ಲಿರುವವರಿಗೆ ಕೈನೀಡುವೆನೆಂಬ ಭರವಸೆಯ ಹಾಡನ್ನು ಮೊದಲಲ್ಲಿಟ್ಟುಕೊಂಡ ತಟ್ಟೆಯನ್ನು, ಹೊಗೆಯ ವಾಸನೆಯ ನಡುವೆ ಕೊಂಡು ಕೇಳಿದ ಸಂಸಾರಗಳೂ ಆ ಊರಿನಲ್ಲಿ ಇದ್ದಿರಬೇಕು. ಅದೇ ವರ್ಷದ ಕೊನೆಯ ಹೊತ್ತಿಗೆ, ಹಣದ ವಿಷಯವಾಗಿ ಮನಸ್ತಾಪ ಬೆಳೆದು, ಹಾಡು ಕಟ್ಟುತ್ತಿದ್ದ ಆ ಮೂವರೂ ಸಂಸ್ಥೆಯಿಂದ ದೂರವಾಗತೊಡಗಿದರು. ಒಂದು ಕಾಲದ ಪೂರ್ಣಫಲವೂ, ಅದರ ಕೊನೆಯೂ ಈ ಒಂದೇ ತಟ್ಟೆಯಲ್ಲಿದೆ.

ಮನೆಯನ್ನು ಉಳಿಸಿದ ಪುಣ್ಯವು ಗಾರ್ಡಿಯವರ ಅಕ್ಕ ಎಸ್ತರ್ ಗಾರ್ಡಿ ಎಡ್ವರ್ಡ್ಸ್ ಅವರದು. ಸಂಸ್ಥೆಯು ಊರು ಬಿಟ್ಟಾಗ ಆಕೆ ಬಿಡಲಿಲ್ಲ. ಹಳೆಯ ಉಡುಪು, ಚಿತ್ರ, ಕಾಗದಗಳನ್ನೆಲ್ಲ ಕಾಪಾಡಿ, ನೋಡಬಂದವರನ್ನು ಒಳಗೆ ಕರೆದು, ೧೯೮೫ರಲ್ಲಿ ಇದನ್ನು ವಸ್ತುಸಂಗ್ರಹಾಲಯವನ್ನಾಗಿ ಮಾಡಿದರು. ಮನೆಯ ಹಳೆಯ ಸಾಮಾನನ್ನು ಎಸೆಯಲೊಲ್ಲದ ಹೆಂಗಸರನ್ನು ನಾವು ಗೇಲಿಮಾಡುವುದುಂಟಷ್ಟೆ. ಇನ್ನುಮುಂದೆ ಮಾಡಲಾರೆವು.

ಹಿಂದಿರುಗುವಾಗ ಗಾಡಿಯಲ್ಲಿ ನಮಗೆ ಗೌಹರ್ ಜಾನರ ನೆನಪಾಯಿತು. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಆಕೆ, ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಸಾರುತ್ತಿದ್ದರು. ತಟ್ಟೆಗಳು ಜರ್ಮನಿಯಲ್ಲಿ ಸಿದ್ಧವಾಗುತ್ತಿದ್ದುದರಿಂದ, ಹಾಡಿದವರಾರೆಂಬುದು ಅಲ್ಲಿಯವರಿಗೆ ತಿಳಿಯಲೆಂದು ಆ ಏರ್ಪಾಡು. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, ೧೯೩೦ರ ಜನವರಿಯಲ್ಲಿ ಮೈಸೂರಿನಲ್ಲಿಯೇ ಆಕೆ ತೀರಿಕೊಂಡರು. ಆಕೆಯ ಹೆಸರು ಇಂದಿಗೂ ಆ ತಟ್ಟೆಗಳಿಂದ ಕೇಳಿಸುತ್ತದೆ. ಆದರೆ ಆಕೆಯ ಹಿಂದೆ ಕುಳಿತು ಸಾರಂಗಿಯನ್ನೋ ತಬಲವನ್ನೋ ನುಡಿಸಿದವರ ಹೆಸರನ್ನು ನಮ್ಮವರೂ ಸಾರಲಿಲ್ಲ. ಪರರ ಲೋಪವನ್ನು ಎಣಿಸುವಾಗ ನಮ್ಮ ಮನೆಯ ಲೆಕ್ಕವನ್ನೂ ಮರೆಯಬಾರದು.

ನಾವು ಹೊರಡುವ ದಿನ ಆತಿಥೇಯರು ಅದೇ ತಟ್ಟೆಯ ಇನ್ನೊಂದು ಪ್ರತಿಯನ್ನು ಹಳೆಯ ಅಂಗಡಿಯೊಂದರಲ್ಲಿ ಹುಡುಕಿ ತಂದು ನಮಗೆ ಕೊಟ್ಟರು. ಅಜ್ಜಿಯವರು ತಮ್ಮ ದುಂಡಾದ ಕನ್ನಡದ ಅಕ್ಷರಗಳಲ್ಲಿ ಒಂದು ಕಾಗದದ ಮೇಲೆ ಜೇಮರ್ಸನ್ ಮೊದಲಾಗಿ ಲೂವೇನ್ ಡೆಂಪ್ಸ್ ಕಡೆಯಾಗಿ ಹೆಸರುಗಳನ್ನೆಲ್ಲ ಬರೆದು ಅದರೊಳಗೆ ಇಟ್ಟಿದ್ದರು. ಈಗ ನಮ್ಮ ಮನೆಯಲ್ಲಿ ಆ ತಟ್ಟೆಯನ್ನು ಹಾಕಿದಾಗಲೆಲ್ಲ, ಯಾರಾದರೊಬ್ಬರು ಆ ಕಾಗದವನ್ನು ತೆಗೆದು, ಹಾಡು ಆರಂಭವಾಗುವ ಮುನ್ನ ಒಂದು ಸಲ ಗಟ್ಟಿಯಾಗಿ ಓದುತ್ತಾರೆ.